ಟಿಂಬೋ ಭಾಗ ಎರಡು

ಒಂದು ನೀರುನಾಯಿ ತನ್ನ ಸಂಸಾರದಲ್ಲಿ ಇಷ್ಟು ಜಾಗ ಹಿಡಿಯುತ್ತದೆ ಎಂದು ಮೈಸೂರಿನಲ್ಲಿದ್ದಾಗ ಯಾರಾದರೂ ಹೇಳಿದ್ದರೆ ಜಯಂತ್ ನಕ್ಕುಬಿಡುತ್ತಿದ್ದ. ಟಿಂಬೋ ಎಂಬುದು ವಿಡಿಯೋ ಗೇಮಿನ ನೀರುನಾಯಿ. ನದಿಯ ತಳದ ಗುಹೆಗಳಿಗೆ ನುಗ್ಗಿ ಮುತ್ತು ಹೆಕ್ಕುವುದು ಅದರ ಕಸುಬು. ಜೊತೆಗೆ ಗೊಬ್ಬು ಎಂಬ ಮುದಿ ಆಮೆ. ಇಬ್ಬರು ಆಡುವಾಗ ಮೊದಲನೆಯವರು ನೀರುನಾಯಿ, ಎರಡನೆಯವರು ಆಮೆ. ಜಯಂತನ ಮಗಳು ತೃಷಾ ಯಾವಾಗಲೂ ನೀರುನಾಯಿಯೇ. ಆಮೆಯ ಪಾಲು ಯಾರದಾಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ಗೇಮು ಒಂದರ ಹಿಂದೆ ಒಂದು ಬಂದು, ಕೊನೆಗೆ ಸಿನಿಮಾ ಆಯಿತು. ಆ ಮೊದಲ ಸಿನಿಮಾ ಬಂದಾಗ ತೃಷಾಗೆ ಐದು ವರ್ಷ. ಆಗಿನ್ನೂ ಮೂವರೂ ಠಾಣೆ ಊರಿನ ವರ್ತಕ ನಗರದ ಒಂದೇ ಮನೆಯಲ್ಲಿದ್ದರು. ಮಗಳು ಸ್ಕೂಲಿನಿಂದ ಹಿಂದಿ, ಮರಾಠಿ ಹೊತ್ತು ತರುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡಿದ್ದ ಜಯಂತ್, ಮನೆಯೊಳಗೆ ಕನ್ನಡ ಬಿಟ್ಟು ಬೇರೆ ಮಾತಾಡಕೂಡದು ಎಂದು ಕಾನೂನು ಮಾಡಿದ್ದ. ಹಾಗಾಗಿ ಹಿಂದಿ ಶೋ ಬಿಟ್ಟು ಇಂಗ್ಲಿಷ್ ಶೋಗೇ ಕರೆದೊಯ್ದ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಡೀ ಸಿನಿಮಾವನ್ನು ಅವಳ ಕಿವಿಯಲ್ಲಿ ಅಪ್ಪಟ ಮೈಸೂರು ಕನ್ನಡದಲ್ಲಿ ಹೇಳಿದ. ಆಮೆ ನರಳಿದರೆ ಇವನು "ಅಯ್ಯೋ ನನ್ನ ಸೊಂಟವೇ" ಎನ್ನುವನು. ಹಿಂದಿನ ಸಾಲಿನವರು ಶ್ ಶ್ ಎಂದರು, ಒಬ್ಬರಂತೂ ಎದ್ದು ಬೇರೆ ಸೀಟಿಗೆ ಹೋದರು. ಮಗು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಲ್ಲಿಂದ ಮುಂದೆ ಅಪ್ಪ ಮಗಳು ಯಾವ ಸಿನಿಮಾ ನೋಡಿದರೂ ಅದೇ ಪದ್ಧತಿ. ತೃಷಾ ದೊಡ್ಡವಳಾದಳು, ಅವಳ ಇಂಗ್ಲಿಷು ಅಪ್ಪನದಕ್ಕಿಂತ ಚೆನ್ನಾಯಿತು, ಆದರೂ ದೀಪ ಆರಿದೊಡನೆ ಕಿವಿ ಕೊಟ್ಟು "ಬೋಲ್ ನಾ ಅಪ್ಪಾ" ಎನ್ನುವುದು ನಿಲ್ಲಲಿಲ್ಲ. ಅವಳು ಕೇಳುತ್ತಿದ್ದುದು ಹಿಂದಿಯಲ್ಲಿ, ಕೇಳಿಸಿಕೊಳ್ಳುತ್ತಿದ್ದುದು ಕನ್ನಡದಲ್ಲಿ. ಆ ಕಾನೂನಿನಲ್ಲಿ ಕೊನೆಗೆ ಉಳಿದದ್ದು ಅಷ್ಟೇ.

ಮೊದಲ ಸಿನಿಮಾ ಮುಗಿದಾಗ, ಟಿಂಬೋ ಮತ್ತೆ ಬರುತ್ತಾನೆ ಎಂದು ಪರದೆಯ ಮೇಲೆ ಬಂತು. ಎರಡನೆಯದನ್ನೂ ನಾವಿಬ್ಬರೇ ನೋಡೋಣ ಎಂದು ಅಲ್ಲೇ ಕಿರುಬೆರಳಿಗೆ ಕಿರುಬೆರಳು ಸೇರಿಸಿ ಆಣೆಯಾಯಿತು.

ಎರಡನೆಯದು ಬರುವಷ್ಟರಲ್ಲಿ ಸಂಸಾರ ಮುರಿದಿತ್ತು. ಜಯಂತ್ ಮತ್ತು ಯಾಮಿನಿಯ ಜಗಳಕ್ಕೆ ದೊಡ್ಡ ಕಾರಣ ಇರಲಿಲ್ಲ. ದೊಡ್ಡ ಕಾರಣ ಇಲ್ಲದ ಜಗಳವೇ ಕೆಟ್ಟದ್ದು, ರಾಜಿಯ ದಾರವನ್ನು ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ ಎಳೆದಾಡಿ ಇಬ್ಬರೂ ಸುಸ್ತಾದರು. ಯಾಮಿನಿ ಮಗಳನ್ನು ಕರೆದುಕೊಂಡು ವಾಶಿಗೆ ಹೋದಳು. ಜಯಂತನ ಪಾಲಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬಂದವು. ಮಿಕ್ಕಂತೆ ಭಾನುವಾರ ಸಂಜೆ ಅವನು ವರ್ತಕ ನಗರದಲ್ಲಿ, ಅವಳು ವಾಶಿಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಟಿಂಬೋ ಆಡುವರು. ಅಷ್ಟು ಹೊತ್ತು ಅವನು ಸುಖವಾಗಿರುತ್ತಿದ್ದ.

ಹೋದ ವರ್ಷ ಯಾಮಿನಿ ಮತ್ತೆ ಮದುವೆಯಾದಳು. ಹುಡುಗ ಹುಬ್ಬಳ್ಳಿಯವನು, ರವಿಕಿರಣ್, ಬ್ಯಾಂಕಿನಲ್ಲಿ ಕೆಲಸ. ಎರಡು ಮೂರು ಸಲ ಸಿಕ್ಕಾಗ "ಆರಾಮ್ರೀ?" ಎಂದು ಎದ್ದು ನಿಂತು ಕೈ ಕೊಟ್ಟಿದ್ದ. ಬೈಯೋಣ ಎಂದರೆ ಒಂದು ದುರ್ಗುಣವೂ ಸಿಗದ ಮನುಷ್ಯ. ಜಯಂತನಿಗೆ ಅದೊಂದು ನುಂಗಲಾರದ ತುತ್ತಾಗಿತ್ತು. ಈಗ ಆ ಬ್ಯಾಂಕು ಅವನನ್ನು ಮಸ್ಕತ್‌ಗೆ ಹಾಕಿದೆ. ಯಾಮಿನಿಯೂ ಹೊರಟಿದ್ದಾಳೆ, ತೃಷಾಳನ್ನು ಕರೆದುಕೊಂಡು. ಆದರೆ ಹೆತ್ತ ಅಪ್ಪ ಒಪ್ಪದೆ ಮಗುವನ್ನು ದೇಶ ದಾಟಿಸುವ ಹಾಗಿಲ್ಲ.

ಜಯಂತ್ ಒಪ್ಪಿರಲಿಲ್ಲ. ತಲೆ ಹೋದರೂ ಒಪ್ಪುವುದಿಲ್ಲ ಎಂದು ಫೋನಿನಲ್ಲಿ ಕೂಗಾಡಿದ್ದ. ಕಲ್ಯಾಣದ ವಕೀಲರೊಬ್ಬರನ್ನು ಕಂಡು ಬಂದಿದ್ದ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಒಂದೇ ಮಾತು ಹೇಳಿದರು. ಮಗಳಿಗೆ ಒಂಬತ್ತು ವರ್ಷ, ತಿಳಿಯುವ ವಯಸ್ಸು, ಜಡ್ಜ್ ಮುಂದೆ ಅವಳೇ ಅಪ್ಪನ ಹತ್ತಿರ ಇರುತ್ತೇನೆ ಎಂದರೆ ಅದಕ್ಕಿಂತ ದೊಡ್ಡ ಬಲ ಇನ್ನೊಂದಿಲ್ಲ, ಮೊದಲು ನೀವೇ ಕೇಳಿ ನೋಡಿ.

ಈ ಶನಿವಾರ ಕೇಳುವುದೆಂದು ನಿಶ್ಚಯವಾಗಿತ್ತು. ಟಿಂಬೋ ಎರಡನೆಯ ಭಾಗ ಹೋದ ವಾರದ ಶುಕ್ರವಾರವೇ ಬಂದಿತ್ತು. ಅವನ ಸರದಿ ಈ ವಾರ. "ನಾನು ಬರೋವರೆಗೂ ನೋಡಬಾರದು" ಎಂದು ಫೋನಿನಲ್ಲಿ ಹೇಳಿದ್ದಕ್ಕೆ, ತೃಷಾ "ನಹೀಂ ದೇಖೂಂಗೀ ಬಾಬಾ, ಪ್ರಾಮಿಸ್" ಎಂದಿದ್ದಳು. ಸಿನಿಮಾ ನೋಡಿ, ನಗಿಸಿ, ಮಗಳ ಮನಸ್ಸು ಅರಳಿದ ಹೊತ್ತಿನಲ್ಲಿ ಕೇಳುವುದು. ಅವಳು "ನಿನ್ನ ಹತ್ತಿರವೇ" ಅನ್ನುತ್ತಾಳೆ. ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಬಾಗಿಲು ಹಾಕಿಕೊಳ್ಳುವಾಗ ಎದುರು ಮನೆಯ ಚಂದವ್ವ ಡಬ್ಬಿ ಹಿಡಿದುಕೊಂಡು ನಿಂತಿದ್ದರು. ವಿಜಯಪುರದ ಕಡೆಯವರು, ಈ ಬಿಲ್ಡಿಂಗಿಗೆ ಬಂದು ಎಷ್ಟೋ ವರ್ಷವಾದರೂ ಮಾತು ಮಾತ್ರ ಊರಲ್ಲೇ ಇದೆ.

"ಎಳ್ಳಿನ ಹೋಳಿಗಿ ಅದಾವು ತಮ್ಮಾ. ಕೂಸಿಗಿ ಕೊಡು. ಈಗೀಗ ಬರಂಗೇ ಇಲ್ಲಲ್ಲ ಅದು?"

"ಅವಳಿಗೆ ಸ್ಕೂಲು, ಕ್ಲಾಸು ಅಂತ ಬಿಡುವಿಲ್ಲ ಚಂದವ್ವಾ. ನಾನೇ ಹೋಗಿ ಬರ್ತೀನಿ. ಇನ್ನು ಸ್ವಲ್ಪ ದಿನ, ಇಲ್ಲೇ ಬಂದಿರ್ತಾಳೆ ನೋಡ್ತಿರಿ."

"ಕೇಳೀಯೇನು ಅದಕ್ಕ?"

"ಇವತ್ತು ಕೇಳ್ತೀನಿ."

ಚಂದವ್ವ ಒಂದು ಗಳಿಗೆ ಅವನ ಮುಖ ನೋಡಿದರು. "ಸಣ್ಣ ಕೂಸಿನ ತೆಲಿ ಮ್ಯಾಲ ದೊಡ್ಡ ಕಲ್ಲು ಇಡಾಕ ಹೊಂಟಿ, ನೋಡಿ ಇಡು" ಎಂದು ಒಳಗೆ ಹೋದರು. ಜಯಂತನಿಗೆ ಸ್ವಲ್ಪ ಸಿಟ್ಟು ಬಂತು. ಊರಿಗೆಲ್ಲ ಬುದ್ಧಿ ಹೇಳುವವರು ಎಂದುಕೊಂಡು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡ.

ಠಾಣೆಯಲ್ಲಿ ವಾಶಿಯ ಲೋಕಲ್ ರೈಲು ಹಿಡಿದಾಗ ಕೂರಲು ಸೀಟು ಸಿಕ್ಕಿತು. ಅದನ್ನೂ ಶುಭ ಶಕುನ ಎಂದುಕೊಂಡ. ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹೊಂದಿಸಿದ. ನಿಂಗೆ ಎಲ್ಲಿ ಇರಬೇಕು ಪುಟ್ಟಾ? ಅಪ್ಪನ ಹತ್ತಿರ ಇರ್ತೀಯಾ? ಎರಡನೆಯದು ವಕೀಲರ ಪ್ರಶ್ನೆಯ ಹಾಗೆ ಕೇಳಿಸಿತು. ಮೊದಲನೆಯದೇ ಸರಿ ಎಂದುಕೊಳ್ಳುವಷ್ಟರಲ್ಲಿ ತುರ್ಭೆ ಸ್ಟೇಷನ್ ದಾಟಿತ್ತು.

ಸ್ಟೇಷನ್ ಪಕ್ಕದ ಮಾಲಿನ ಬಾಗಿಲಲ್ಲಿ ಯಾಮಿನಿ, ತೃಷಾ ನಿಂತಿದ್ದರು. ತೃಷಾ ಓಡಿ ಬಂದು ಸೊಂಟಕ್ಕೆ ಜೋತುಬಿದ್ದಳು. ಯಾಮಿನಿ ದೂರದಿಂದಲೇ, "ಏಳು ಗಂಟೆಗೆ ಇಲ್ಲೇ ಬರ್ತೀನಿ" ಎಂದಳು. ಆಮೇಲೆ ದನಿ ತಗ್ಗಿಸಿ, "ನೀನು ಕೇಳಬೇಕು ಅಂತಿದ್ದೀಯ ಅಂತ ಗೊತ್ತು. ಕೇಳು. ನಾನೇನೂ ಹೇಳಿಕೊಟ್ಟಿಲ್ಲ" ಎಂದಳು. ಜಯಂತ್ ನಂಬಲಿಲ್ಲ. ನಂಬದೆ ಇರುವುದೂ ಒಂದು ಅಭ್ಯಾಸವಾಗಿಬಿಟ್ಟಿತ್ತು.

"ಅಪ್ಪಾ, ಜಲ್ದೀ ಚಲೋ ನಾ, ಶುರೂ ಹೋ ಜಾಯೇಗಾ" ಎಂದು ತೃಷಾ ಕೈ ಹಿಡಿದು ಎಳೆದಳು.

ಥಿಯೇಟರಿನ ತುಂಬ ಮಕ್ಕಳು, ಪಾಪ್‌ಕಾರ್ನ್ ವಾಸನೆ, ಯಾರದೋ ಅಳುವ ಕೂಸು. ಈಗ ಮಗಳು ತೊಡೆಯ ಮೇಲೆ ಕೂರುವಷ್ಟು ಚಿಕ್ಕವಳಲ್ಲ. ಪಕ್ಕದ ಸೀಟಿನಲ್ಲಿ ಕೂತು, ಸೀಟುಗಳ ನಡುವಿನ ಕೈಯೊರಗನ್ನು ಮೇಲಕ್ಕೆತ್ತಿ, ಕಿವಿಯನ್ನು ಅಪ್ಪನ ಭುಜಕ್ಕೆ ಒರಗಿಸಿ, "ಬೋಲ್ ನಾ" ಎಂದಳು. ಜಯಂತನಿಗೆ ಕಳೆದುಹೋದದ್ದೆಲ್ಲ ಆ ಒಂದು ಮಾತಿಗೆ ವಾಪಸು ಬಂದ ಹಾಗಾಯಿತು. ದನಿ ತಗ್ಗಿಸಿ ಶುರುಮಾಡಿದ.

ಟಿಂಬೋ ಊರಿನ ನದಿ ಬತ್ತುತ್ತಿದೆ, ಯಾರೋ ಮೇಲುಗಡೆ ನೀರಿಗೆ ಅಡ್ಡ ಬಾಗಿಲು ಹಾಕಿದ್ದಾರೆ, ಅದನ್ನು ತೆರೆಯಲು ನೀರುನಾಯಿ ಹೊರಡಬೇಕು. ಜಯಂತ್ ಒಳ್ಳೆಯ ಲಯದಲ್ಲಿದ್ದ. ಏಡಿಗಳ ಸೇನಾಪತಿಗೆ ಮೈಸೂರಿನ ತನ್ನ ಹಳೆಯ ಹೆಡ್‌ಮೇಷ್ಟರ ದನಿ ಕೊಟ್ಟ. ತೃಷಾ ಕಿಲಕಿಲ ನಕ್ಕಳು. ನಕ್ಕಳು, ಸರಿ, ಆದರೆ ಸೇನಾಪತಿ ಜಾರಿ ಬೀಳುವುದಕ್ಕೆ ಮೊದಲೇ ನಕ್ಕಳು. ಜಯಂತ್ ಅದನ್ನು ಗಮನಿಸಿಯೂ ಗಮನಿಸಲಿಲ್ಲ. ಆಮೇಲೆ ಕತ್ತಲ ಗುಹೆ ಬಂತು. ಅಲ್ಲಿ ಇನ್ನೂ ಏನೂ ಇರಲಿಲ್ಲ, ಸಂಗೀತವೂ ಸುಮ್ಮನಿತ್ತು. ತೃಷಾ ಆಗಲೇ ಅಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಅವಳು ಕಣ್ಣು ಮುಚ್ಚಿದ ಮೇಲೆ ದೈತ್ಯ ಹಾವುಮೀನು ಬಾಯಿ ತೆರೆಯಿತು. "ಬಾಪ್ ರೇ, ಅಬ್ ಕ್ಯಾ ಹೋಗಾ ಅಪ್ಪಾ?" ಎಂದಳು, ಬೆಚ್ಚಿದವಳ ಹಾಗೆ.

ಜಯಂತನ ಮಾತು ನಿಧಾನವಾಯಿತು. ಚುರುಕು ಹುಡುಗಿ, ಊಹಿಸುತ್ತಿದ್ದಾಳೆ ಎಂದು ಸಮಾಧಾನ ಹೇಳಿಕೊಂಡ. ಟ್ರೈಲರ್ ನೋಡಿರುತ್ತಾಳೆ. ಮನುಷ್ಯ ತನ್ನ ಕಿವಿಗೆ ತಾನೇ ಹೂ ಇಟ್ಟುಕೊಳ್ಳುವುದರಲ್ಲಿ ಎಷ್ಟು ನಿಸ್ಸೀಮ!

ಇಂಟರ್ವಲ್ ಕಳೆದು ಸ್ವಲ್ಪ ಹೊತ್ತಿಗೆ ಟಿಂಬೋ ಪ್ರವಾಹದಲ್ಲಿ ಸಿಕ್ಕಿಕೊಂಡ. ಎಲ್ಲರೂ ಕೈಬಿಟ್ಟಿದ್ದಾರೆ, ನೀರು ಮೂಗಿನವರೆಗೆ ಬಂದಿದೆ. ಥಿಯೇಟರ್ ನಿಶ್ಶಬ್ದ. ದೂರದಲ್ಲಿ ಒಂದು ಗುಂಡು ಬೆನ್ನು ತೇಲಿ ಬರುತ್ತಿತ್ತು. ಆಮೆ ಇನ್ನೂ ತಲೆ ಹೊರಗೆ ಹಾಕಿರಲಿಲ್ಲ, ಬಾಯಿ ತೆರೆದಿರಲಿಲ್ಲ. ತೃಷಾ ಪರದೆಯಲ್ಲೇ ಕಣ್ಣು ನೆಟ್ಟು, ಅಪ್ಪ ಪಕ್ಕದಲ್ಲಿದ್ದಾನೆ ಎಂಬುದನ್ನೇ ಮರೆತು, ತುಟಿಯಲ್ಲೇ ಗುನುಗಿದಳು: "ಏ ತಮ್ಮಾ, ಬೆನ್ನ ಮ್ಯಾಲ ಕುಂಡ್ರು. ಹೋಗೂಣು ನಡಿ."

ಆಮೇಲೆ ಆಮೆ ತಲೆ ಎತ್ತಿ ಇಂಗ್ಲಿಷಿನಲ್ಲಿ ಅದನ್ನೇ ಹೇಳಿತು.

ಚಂದವ್ವನ ಮಾತೇನೋ ಬಾಯಿಗೆ ಬಂದಿರಬೇಕು ಎಂದು ಜಯಂತನಿಗೆ ಮೊದಲು ಅನಿಸಿತು. ಆದರೆ ಮಗಳು ವರ್ತಕ ನಗರಕ್ಕೆ ಬಂದು ವರ್ಷವಾಯಿತು. ಮತ್ತೆ, ಆಮೆ ಇನ್ನೂ ಆಡದ ಮಾತನ್ನು ಚಂದವ್ವ ಎಲ್ಲಿಂದ ಕಲಿಸುತ್ತಾರೆ? ಇದು ಹುಬ್ಬಳ್ಳಿಯ ಕನ್ನಡ. ಇದೇ ಸಿನಿಮಾವನ್ನು, ಇಂಥದೇ ಕತ್ತಲಲ್ಲಿ, ಯಾರೋ ಅವಳ ಕಿವಿಯಲ್ಲಿ ಹುಬ್ಬಳ್ಳಿಯ ಕನ್ನಡದಲ್ಲಿ ಹೇಳಿದ್ದಾರೆ. ಯಾರೋ ಏನು, ರವಿಕಿರಣನೇ. ಅಲ್ಲೂ ಅವಳು ಭುಜಕ್ಕೆ ಒರಗಿ "ಬೋಲೋ ನಾ ಕಾಕಾ" ಎಂದಿರಬೇಕು. ಆ ಮನುಷ್ಯ ಪಾಪ, ಸಂಕೋಚಪಟ್ಟುಕೊಂಡೇ ಶುರುಮಾಡಿರಬೇಕು. ಚೆನ್ನಾಗಿಯೇ ಹೇಳಿರಬೇಕು. ಮಗಳ ಬಾಯಲ್ಲಿ ಉಳಿಯುವಷ್ಟು ಚೆನ್ನಾಗಿ.

ಜಯಂತನಿಗೆ ಎದ್ದು ಹೋಗಿಬಿಡಬೇಕು ಅನಿಸಿತು. ಮನೆ ಹೋಯಿತು, ಹೆಂಡತಿ ಹೋದಳು, ವಾರದ ದಿನಗಳು ಹೋದವು, ಇದೊಂದು ತನ್ನದು ಎಂದುಕೊಂಡಿದ್ದ. ಇದನ್ನೂ ಕೊಟ್ಟುಬಿಟ್ಟೆಯಾ ಎಂದು ಮಗಳ ಮೇಲೆ ಸಿಟ್ಟು ಬಂತು. ಅಷ್ಟರಲ್ಲಿ ತೃಷಾ ತಾನು ಆಡಿದ ಮಾತು ತನಗೇ ಕೇಳಿಸಿದವಳ ಹಾಗೆ ತಟ್ಟನೆ ಬಾಯಿ ಮುಚ್ಚಿದಳು. ಓರೆಗಣ್ಣಿನಿಂದ ಅಪ್ಪನನ್ನು ನೋಡಿದಳು. ಆ ನೋಟದಲ್ಲಿದ್ದ ಗಾಬರಿ ಕಂಡು ಅವನ ಸಿಟ್ಟು ಅಲ್ಲೇ ಇಳಿದುಹೋಯಿತು.

ಕ್ಲಾಸಿನ ಮಕ್ಕಳೆಲ್ಲ ನೋಡಿದ್ದಾರೆ, ಇವಳೊಬ್ಬಳು ಎಂಟು ದಿನ ಕಾಯಬೇಕು. ಒಂಬತ್ತು ವರ್ಷದ ಮಗು ತಡೆಯಲಾರದೆ ನೋಡಿತು, ಅದೇನು ಕೊಲೆಯಲ್ಲ. ಕೊಲೆಯಂಥದ್ದು ಯಾವುದೆಂದರೆ, ನೋಡಿದ ಮೇಲೆ ಅದನ್ನು ಅಪ್ಪನಿಂದ ಮುಚ್ಚಿಡಲು ಇಷ್ಟು ಕಷ್ಟಪಡುತ್ತಿದೆಯಲ್ಲ, ಅದು. ಎಲ್ಲಿ ನಗಬೇಕು, ಎಲ್ಲಿ ಹೆದರಬೇಕು ಎಂದು ಇಷ್ಟು ಹೊತ್ತೂ ಎಚ್ಚರವಾಗಿ ಕೂತು ನಟಿಸುತ್ತಿದೆ, ಅಪ್ಪನಿಗೆ ಬೇಜಾರಾಗಬಾರದು ಅಂತ. ಈ ವಿದ್ಯೆ ಅವಳಿಗೆ ಎಲ್ಲಿಂದ ಬಂತು? ಅಮ್ಮನ ಮುಂದೆ ಅಪ್ಪನ ಹೆಸರೆತ್ತದೆ, ಅಪ್ಪನ ಮುಂದೆ ಕಾಕಾನ ಹೆಸರೆತ್ತದೆ, ಎರಡು ಮನೆಯ ನಡುವೆ ಓಡಾಡಿ ಕಲಿತದ್ದು. ಕಲಿಸಿದವರು ಇಬ್ಬರು, ಅದರಲ್ಲಿ ತಾನೊಬ್ಬ.

"ಆಮೇಲೆ?" ಎಂದಳು ತೃಷಾ, ಅಪ್ಪ ಸುಮ್ಮನಾಗಿದ್ದು ನೋಡಿ, ಅಪರೂಪಕ್ಕೆ ಕನ್ನಡದಲ್ಲಿ.

"ಆಮೇಲೆ..." ಎಂದು ಜಯಂತ್ ಅವಳ ಕಿವಿಗೆ ಬಾಗಿದ. "ಆಮೇಲೆ ಆಮೆ ಹೇಳತ್ತೆ, ಬಾರೋ, ಬೆನ್ನ ಮೇಲೆ ಕೂತ್ಕೋ, ಹೋಗೋಣ ಅಂತ." ಮಗಳು ಮೊದಲ ಸಲ ಕೇಳಿದವಳ ಹಾಗೆ ನಕ್ಕಳು. ಅವನೂ ಮೊದಲ ಸಲ ಹೇಳಿದವನ ಹಾಗೆ ಕೊನೆಯವರೆಗೂ ಹೇಳಿದ.

ಫುಡ್‌ಕೋರ್ಟಿನಲ್ಲಿ ಮೂಲೆಯ ಟೇಬಲ್ಲು ಸಿಕ್ಕಿತು. ಕೇಳಬೇಕಾದ ಹೊತ್ತು ಇದೇ. ತೃಷಾ ಹೋಳಿಗೆಯನ್ನು ಅರ್ಧ ತಿಂದು ಕೆಳಗಿಟ್ಟಳು. ಕೈ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು ಅಪ್ಪನ ಮುಖವನ್ನೇ ನೋಡಿದಳು. ಬಾಯಿಪಾಠ ಒಪ್ಪಿಸಲು ಟೀಚರ್ ಮುಂದೆ ನಿಂತ ಮಗುವಿನ ಹಾಗೆ.

ಕೇಳಿದರೆ ಏನನ್ನುತ್ತಾಳೆ ಎಂದು ಜಯಂತನಿಗೆ ಈಗಲೂ ಗೊತ್ತಿತ್ತು. ನಿನ್ನ ಹತ್ತಿರವೇ ಅನ್ನುತ್ತಾಳೆ. ಅನುಮಾನವೇ ಇಲ್ಲ, ಎಲ್ಲಿ ನಗಬೇಕೋ ಅಲ್ಲಿ ನಕ್ಕಳಲ್ಲ, ಹಾಗೆಯೇ ಅನ್ನುತ್ತಾಳೆ. ನಾಳೆ ಜಡ್ಜ್ ಮುಂದೆಯೂ ಅನ್ನುತ್ತಾಳೆ. ಅದು ನಿಜವೋ, ತನ್ನ ಮೇಲಿನ ಕರುಣೆಯೋ ಎಂಬುದು ತನಗೆ ಸಾಯುವವರೆಗೂ ತಿಳಿಯುವುದಿಲ್ಲ. ಚಂದವ್ವ ಹೇಳಿದ ಕಲ್ಲು ಇದೇ ಎಂದುಕೊಂಡ. ಇಡುವುದು ಬೇಡ.

"ಗಣಿತದಲ್ಲಿ ಎಷ್ಟು ಬಂತು ಈ ಸಲ?" ಎಂದು ಕೇಳಿದ.

ತೃಷಾ ಕಣ್ಣು ಮಿಟುಕಿಸಿದಳು. "ಅಠ್ಠಾರಹ್. ಬೀಸ್ ಮೇಂ ಸೇ." ಸ್ವಲ್ಪ ತಡೆದು, "ಔರ್ ಕುಛ್ ಪೂಛ್ನಾ ಹೈ?" ಎಂದಳು.

"ಇನ್ನೇನಿಲ್ಲ ಪುಟ್ಟಾ. ತಿನ್ನು, ಚಂದವ್ವ ನಿನಗೇ ಅಂತ ಮಾಡಿದ್ದಾರೆ."

ಅವಳು ಮತ್ತೆ ತಿನ್ನಲಿಲ್ಲ. ಬಿಡುಗಡೆಯಾಯಿತೆಂದು ಸುಮ್ಮನಾಗಿದ್ದಾಳೆ ಎಂದು ಜಯಂತ್ ತಿಳಿದ. ಆ ನೋವಿನಲ್ಲೂ ಅವನಿಗೆ ತನ್ನ ಬಗ್ಗೆ ಒಂದು ಚೂರು ಹೆಮ್ಮೆ ಆಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಏಳು ಗಂಟೆಗೆ ಯಾಮಿನಿ ಬಾಗಿಲಲ್ಲಿದ್ದಳು. ರಿಕ್ಷಾಗಳ ಗಲಾಟೆ, ಸ್ಟೇಷನ್ನಿನ ಅನೌನ್ಸ್‌ಮೆಂಟು. ಜಯಂತ್ ಒಂದೇ ಉಸಿರಿಗೆ ಹೇಳಿಬಿಟ್ಟ: "ಕರ್ಕೊಂಡು ಹೋಗು. ನಾನು ಒಪ್ತೀನಿ. ಎಲ್ಲಿ ಸೈನ್ ಹಾಕಬೇಕೋ ಹೇಳು, ಹಾಕ್ತೀನಿ."

ಯಾಮಿನಿ ಜಗಳಕ್ಕೆ ಸಿದ್ಧಳಾಗಿ ಬಂದವಳು. ಅವಳ ಕಣ್ಣು ತುಂಬಿತು. "ಜಯಂತ್... ಅವಳು ಏನಂದ್ಲು?"

"ಅವಳನ್ನ ಕೇಳಲಿಲ್ಲ. ಬೇಡ ಅನಿಸ್ತು."

ತೃಷಾ ಅಮ್ಮನ ಕೈ ಬಿಟ್ಟು ಮುಂದೆ ಬಂದಳು. ಅವಳ ಮುಖ ಕೆಂಪಾಗಿತ್ತು. ಮಧ್ಯಾಹ್ನದಿಂದ ಇಲ್ಲಿಯವರೆಗೆ ಅವನು ಕಂಡ ಯಾವ ಮುಖವೂ ಅದಾಗಿರಲಿಲ್ಲ. ಹಿಂದಿ ಬಿಟ್ಟು, ಮನೆಯ ಕನ್ನಡದಲ್ಲಿ, ಬಿಕ್ಕಿ ಬಿಕ್ಕಿ ಹೇಳಿದಳು: "ನೀನು ಕೇಳ್ತೀಯ ಅಂತ ಅಮ್ಮ ಹೇಳಿದ್ಲು. ನಾನು ಕಾಯ್ತಾ ಇದ್ದೆ. ಸಿನಿಮಾ ಮುಗಿಯೋವರೆಗೂ ಕಾದೆ, ತಿನ್ನೋವಾಗ್ಲೂ ಕಾದೆ. ನೀನು ಕೇಳ್ಲೇ ಇಲ್ಲ."

ಜಯಂತ್ ನೆಲದ ಮೇಲೆ ಮಂಡಿಯೂರಿದ. "ಈಗ ಕೇಳ್ತೀನಿ ಪುಟ್ಟಾ. ಹೇಳು. ನಿಂಗೆ ಎಲ್ಲಿ ಇರಬೇಕು?"

"ಅಮ್ಮನ ಜೊತೆ" ಎಂದಳು. ತಡವರಿಸಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ. "ನೀನು ಕೇಳಿದ್ರೆ ಅದನ್ನೇ ಹೇಳ್ತಿದ್ದೆ. ಪ್ರ್ಯಾಕ್ಟೀಸ್ ಮಾಡ್ಕೊಂಡು ಬಂದಿದ್ದೆ. ಆದ್ರೆ ನಾನು ಹಾಗಂದ ಮೇಲೆ ನೀನು ಬೇಡ ಅಂತಿದ್ದೆ ಅಲ್ವಾ? ಹೋಗ್ಬೇಡ ಅಂತಿದ್ದೆ ಅಲ್ವಾ ಅಪ್ಪಾ? ಒಂದು ಸಲಾನೂ ಅನ್ಲಿಲ್ಲ ನೀನು."

ನಮ್ಮ ಕಡೆ ಎರಡು ದಿನಕ್ಕೆಂದು ಬಂದ ನೆಂಟರು ಹೊರಟು ನಿಂತರೂ, ಬಸ್ಸು ಬುಕ್ ಆಗಿದೆ ಎಂದು ಗೊತ್ತಿದ್ದರೂ, ಇವತ್ತೊಂದು ದಿನ ಇದ್ದು ಹೋಗಿ ಎಂದು ಕೈ ಹಿಡಿದು ಹೇಳುತ್ತೇವೆ. ಹೇಳದಿದ್ದರೆ, ಬಂದವರು ಬಸ್ಸಿನಲ್ಲಿ ಕೂತು ಆ ಮನೆಗೆ ತಾವು ಬೇಕಾಗಿರಲಿಲ್ಲ ಎಂದುಕೊಳ್ಳುತ್ತಾರೆ. ಅಷ್ಟು ತಿಳಿದ ಮನೆತನದಲ್ಲಿ ಹುಟ್ಟಿ, ಜಯಂತ್ ಹೆತ್ತ ಮಗಳಿಗೆ ಆ ಮಾತು ಹೇಳಿರಲಿಲ್ಲ. ಮಗಳ ಒಳ್ಳೆಯದಕ್ಕೆಂದು ಎದೆ ಕಲ್ಲುಮಾಡಿಕೊಂಡು ಒಪ್ಪಿದ್ದ. ಅವಳಿಗೆ ಕಂಡದ್ದು, ಕೇಳದೆಯೇ ಕೊಟ್ಟುಬಿಟ್ಟ ಅಪ್ಪ.

ಈಗ ಹೇಳಿದರೆ ಏನೂ ಬದಲಾಗುವುದಿಲ್ಲ. ಅವಳು ಹೋಗುತ್ತಾಳೆ, ತಾನೇ ಒಪ್ಪಿಯಾಗಿದೆ. ಆದರೂ ಅವನು ಹೇಳಿದ. ಯಾಮಿನಿ ನಿಂತಿದ್ದಾಳೆ, ದಾರಿಹೋಕರು ನೋಡುತ್ತಿದ್ದಾರೆ ಎಂಬುದೊಂದೂ ಅವನಿಗೆ ಬೇಕಾಗಿರಲಿಲ್ಲ. ಮಗಳ ಎರಡೂ ಕೈ ಹಿಡಿದುಕೊಂಡು, "ಹೋಗಬೇಡ ಪುಟ್ಟಾ" ಎಂದ. "ಅಪ್ಪನ್ನ ಬಿಟ್ಟು ಹೋಗಬೇಡ. ನಂಗೆ ತಡಕೊಳ್ಳಕ್ಕಾಗಲ್ಲ." ಎಷ್ಟೋ ದಿನದಿಂದ ತಡೆದಿದ್ದ ಅಳು, ಗಂಡಸೆಂಬ ನಾಚಿಕೆಯನ್ನೂ ಲೆಕ್ಕಿಸದೆ ಬಂದುಬಿಟ್ಟಿತು.

ತೃಷಾ ಅವನ ಕುತ್ತಿಗೆಗೆ ಜೋತುಬಿದ್ದು ತುಂಬ ಹೊತ್ತು ಅತ್ತಳು. ಅಂಗಿಯ ತೋಳಿನಿಂದ ಮೊದಲು ಅವನ ಕಣ್ಣು, ಆಮೇಲೆ ತನ್ನದು ಒರೆಸಿದಳು. "ಹ್ಞೂಂ" ಎಂದಳು, ಬೇಕಾದದ್ದು ಸಿಕ್ಕಿತು ಎಂಬ ಹಾಗೆ. ಆಮೇಲೆ ತಿರುಗಿ ಹೋಗಿ ಅಮ್ಮನ ಕೈ ಹಿಡಿದುಕೊಂಡಳು.